ಶಿವಪುತ್ರಪ್ಪನವರ ಮೊಣಕಾಲೊಳಗಿನ ಗಾದಿ

ಪುಣೆಯ ಲಕ್ಷ್ಮೀ ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಶಿವಪುತ್ರಪ್ಪ ಇಪ್ಪತ್ತನಾಲ್ಕು ವರ್ಷ ಗಾದಿಯ ಮೇಲೆ ಕೂತು ಸೀರೆ ಮಾರಿದವರು. ಕೂತು ಎಂದರೆ ಸುಮ್ಮನೆ ಕೂತದ್ದಲ್ಲ. ಬೆಳಿಗ್ಗೆ ಹತ್ತಕ್ಕೆ ಬಿಳಿ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿದರೆ, ಗಿರಾಕಿ ಬಾಯಿ ತೆರೆಯುವ ಮೊದಲೇ ಮೊಣಕಾಲೂರಿ ಎದ್ದು, ಹಿಂದಿನ ಕಪಾಟಿನಿಂದ ಸೀರೆ ಎಳೆದು, ಗಿರ್ರನೆ ತಿರುಗಿ, ಕೂರುವ ಹೊತ್ತಿಗೆ ಸೆರಗು ಗಿರಾಕಿಯ ಮಡಿಲಲ್ಲಿ ಬಿದ್ದಿರಬೇಕು. ದಿನಕ್ಕೆ ಇಂಥದ್ದು ನೂರು ಸಲ. ಪಕ್ಕದ ಗಾದಿಯ ಏಕನಾಥ ಏಳುವಾಗ ನೆಲಕ್ಕೆ ಕೈಯೂರುತ್ತಿದ್ದ. ಶಿವಪುತ್ರಪ್ಪ ಕೈಯೂರಿದ್ದನ್ನು ಯಾರೂ ನೋಡಿರಲಿಲ್ಲ. ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂಬುದನ್ನು ಅವರು ಮಾತ್ರ ಪ್ರತಿಸಲ ನೋಡಿಕೊಳ್ಳುತ್ತಿದ್ದರು.

ಊರು ನೇಕಾರರ ಗುಳೇದಗುಡ್ಡ. ಹದಿನೆಂಟನೆಯ ವಯಸ್ಸಿಗೆ ಪುಣೆಗೆ ಬಂದವರು. ಮೊಣಕಾಲಿನ ಮಾತು ಬಂದರೆ ಧೋತರ ಒಂದು ಗೇಣು ಮೇಲೆತ್ತಿ, "ಕುಣಿಮಗ್ಗದಾಗ ಬೆಳೆದ ಕಾಲ್ರಿ ಇವು. ನೂರು ವರ್ಷದ ಗ್ಯಾರಂಟಿ," ಎನ್ನುತ್ತಿದ್ದರು. ಮಾತು ಬರದಿದ್ದರೆ ತಾವೇ ತರುತ್ತಿದ್ದರು. ಮನೆಯಲ್ಲಿ ಹೆಂಡತಿ ಪ್ರೇಮಾವತಿ ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿದು "ಶಿವನೇ" ಎಂದರೆ, ಇವರು ಒಳಗಿನಿಂದಲೇ, "ಶಿವ ಇಲ್ಲೇ ಅದಾನ, ಏನ್ ಬೇಕಿತ್ತು?" ಎಂದು ಕೇಳುವರು. ಮಗಳು ರೇಣು ನಗುವಳು. ಪ್ರೇಮಾವತಿ ನಗುತ್ತಿರಲಿಲ್ಲ, ಆದರೆ ಅದನ್ನು ಯಾರೂ ಗಮನಿಸಿರಲಿಲ್ಲ.

ಪುಣೆಯ ಕನ್ನಡ ಮಂದಿಯ ಮದುವೆಗಳಲ್ಲಿ ಶಿವಪುತ್ರಪ್ಪನವರಿಗೆ ಇನ್ನೊಂದು ಹುದ್ದೆ ಇತ್ತು. ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುವುದು. ಯಾರೂ ಕೊಟ್ಟ ಹುದ್ದೆಯಲ್ಲ ಅದು, ಆದರೆ ಕಸಿದುಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಒಂದು ಕೈಯಲ್ಲಿ ತುಂಬಿದ ಬಕೀಟು, ಇನ್ನೊಂದರಲ್ಲಿ ಸೌಟು, ಬಾಗಿ ಬಾಗಿ ಇನ್ನೂರು ಎಲೆಗೆ ಒಂದೇ ಉಸಿರಿನಲ್ಲಿ ಬಡಿಸಿ ಮುಗಿಸುವರು.

ತೊಂಬತ್ತೇಳರ ಮೇ ತಿಂಗಳಲ್ಲಿ ಪ್ರೇಮಾವತಿಯ ಚಿಕ್ಕಪ್ಪನ ಮಗಳ ಮದುವೆ. ಮಂಗಲ ಕಾರ್ಯಾಲಯದ ಊಟದ ಮನೆಯಲ್ಲಿ ಎರಡನೆಯ ಪಂಕ್ತಿ ನಡೆದಿತ್ತು. ಶಿವಪುತ್ರಪ್ಪ ಮಂಡಿ ಮಡಿಸಿ ಒಬ್ಬ ಅಜ್ಜನ ಎಲೆಗೆ ಹುಗ್ಗಿ ಹಾಕುತ್ತಿದ್ದಾಗ ಹಿಂದಿನ ಸಾಲಿನಿಂದ ಬೀಗರೊಬ್ಬರು, "ಶಿವಪುತ್ರಪ್ಪನವರ, ನಮ್ಮನ್ನ ಮರತ್ರೇನು?" ಎಂದರು. ಮರೆಯುವವರೇ ಅಲ್ಲ ಇವರು. ಇದ್ದಲ್ಲಿಂದಲೇ ತಟ್ಟನೆ ತಿರುಗಿದರು. ಮೈ ತಿರುಗಿತು, ಬಕೀಟು ತಿರುಗಿತು. ಯಾರೋ ಚೆಲ್ಲಿದ್ದ ಹುಗ್ಗಿಯಲ್ಲಿ ಅಂಟಿದ್ದ ಬಲ ಪಾದ ಮಾತ್ರ ತಿರುಗಲಿಲ್ಲ. ಮೊಣಕಾಲಿನೊಳಗೆ ಅವರಿಗಷ್ಟೇ ಕೇಳುವಂತೆ ಟಕ್ ಎಂದಿತು.

ಬಕೀಟನ್ನು ಒಂದು ಹನಿಯೂ ಚೆಲ್ಲದೆ ಕೆಳಗಿಟ್ಟರು. ಆಮೇಲೆ ಎತ್ತಿಕೊಂಡು ಪಂಕ್ತಿ ಮುಗಿಸಿದರು. ಅಷ್ಟೊತ್ತಿಗೆ ನೋವು ಅಷ್ಟಾಗಿ ಇರಲೂ ಇಲ್ಲ. ನೋವು ಬಂದದ್ದು ಮರುದಿನ ಬೆಳಿಗ್ಗೆ, ಬಾವಿನ ಜೊತೆಗೆ. ಮೊಣಚಿಪ್ಪು ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

ಪ್ರೇಮಾವತಿ ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟರು. ಬಾವು ಇನ್ನಷ್ಟು ಏರಿತು. ಲಕ್ಕಿ ಸೊಪ್ಪು ಕಟ್ಟಿದರು. ಎಣ್ಣೆ ತಿಕ್ಕಿದರು. ನಾಲ್ಕನೆಯ ದಿನ ಶಿವಪುತ್ರಪ್ಪ ಪೂರ್ತಿ ನೆಟ್ಟಗಾಗದ ಕಾಲಿನಲ್ಲಿ ಕುಂಟುತ್ತ ಅಂಗಡಿಗೆ ಹೋದಾಗ ಏಕನಾಥ ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಹುಗ್ಗಿ ಬಡಿಸುವಾಗ ಆಯಿತೆಂದು ಹೇಳುವುದು ಹೇಗೆ? "ಬಸ್ಸಿನಿಂದ ಇಳಿಯುವಾಗ ಒಬ್ಬ ಧಡಿಯ ಮೈಮೇಲೆ ಬಿದ್ದ," ಎಂದರು. ಸಂಜೆಯ ಹೊತ್ತಿಗೆ ಆ ಧಡಿಯ ಇಬ್ಬರಾಗಿದ್ದ.

ಏಕನಾಥನಿಗೆ ಸಾಸವಡದ ಆಚೆಯ ಹಳ್ಳಿಯೊಂದರಲ್ಲಿ ಎಲುಬು ಕೂಡಿಸುವವನೊಬ್ಬ ಗೊತ್ತಿದ್ದ. ರವಿವಾರ ತನ್ನ ಸ್ಕೂಟರಿನ ಹಿಂದೆ ಶಿವಪುತ್ರಪ್ಪನವರನ್ನು ಕೂರಿಸಿಕೊಂಡು ದಿವೆ ಘಾಟ ಹತ್ತಿಸಿದ. ಘಾಟಿನ ಪ್ರತಿ ತಿರುವಿನಲ್ಲಿಯೂ ಮೊಣಕಾಲು ಬೇರೆ ಬೇರೆ ರಾಗದಲ್ಲಿ ನೋಯಿತು. ಆ ಮನುಷ್ಯ ಕಾಲನ್ನು ತನ್ನ ಕಂಕುಳಲ್ಲಿ ಹಿಡಿದು ಒಮ್ಮೆ ಜಗ್ಗಿ ತಿರುವಿದ. ಒಳಗೆ ಏನೋ ಕಟಕ್ಕೆಂದು ಸರಿಯಿತು, ಕಾಲು ನೆಟ್ಟಗಾಯಿತು. ಶಿವಪುತ್ರಪ್ಪನವರಿಗೆ ಕಣ್ಣಲ್ಲಿ ನೀರು ಬಂತು, ಅರ್ಧ ನೋವಿಗೆ, ಅರ್ಧ ಆನಂದಕ್ಕೆ. ಮನೆಗೆ ಬಂದವರೇ, "ಡಾಕ್ಟರ್ ಮಂದಿಗೆ ಏನ್ ತಿಳೀತದ? ಒಂದ ಜಗ್ಗಿಗೆ ಮುಗೀತು ನೋಡು," ಎಂದು ಸಾರಿದರು.

"ಮುಗದಿದ್ರ ಮೆಟ್ಲಾ ಇಳಿಯೂ ಮುಂದ ಒಂದೊಂದ ಯಾಕ ಇಳೀತೀರಿ?" ಎಂದರು ಪ್ರೇಮಾವತಿ.

"ಗಡಿಬಿಡಿ ಏನದ?"

ಒಂಬತ್ತು ದಿನ ಆ ಆನಂದ ನಿಂತಿತು. ನಡುವೆ ಕೆಲವು ಸಲ ನಡೆಯುವಾಗ ಮೊಣಕಾಲು ಇದ್ದಕ್ಕಿದ್ದಂತೆ ಕೈಬಿಟ್ಟ ಹಾಗೆ ಆಗುತ್ತಿತ್ತು. ಹತ್ತನೆಯ ದಿನ ಸಾತಾರಾದಿಂದ ಮದುವೆಯ ಜವಳಿಗೆಂದು ಹದಿಮೂರು ಮಂದಿ ಬಂದು ಶಿವಪುತ್ರಪ್ಪನವರ ಗಾದಿಯ ಮುಂದೆ ಕೂತರು. ಮದುಮಗಳ ತಾಯಿ ಮೇಲಿನ ಅರೆಯ ಹಸಿರು ಪೈಠಣಿ ಸೀರೆಯತ್ತ ಬೆರಳು ತೋರಿಸಿದರು. ಶಿವಪುತ್ರಪ್ಪ ಏಳಲು ಹೋದರು. ಬಲ ಮೊಣಕಾಲು ಮಡಿಚಿದಲ್ಲೇ ಸಿಕ್ಕಿಬಿದ್ದಿತ್ತು. ಬಾಗಿಲಿನ ಸಂದಿಯಲ್ಲಿ ಬಟ್ಟೆ ಸಿಕ್ಕ ಹಾಗೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇನ್ನೊಮ್ಮೆ ಒತ್ತಿದರು. ಪ್ರಾಣ ಹೋದಂತಾಯಿತು.

ಮುಖದ ಮೇಲಿನ ನಗೆ ಅಲುಗಲಿಲ್ಲ. "ಏಕನಾಥ, ಆ ಹಸಿರು ಪೈಠಣಿ ಇತ್ತ ಕೊಡು," ಎಂದರು. ಏಕನಾಥ ಬೆರಗಾಗಿ ನೋಡಿದ. ತನ್ನ ಕಪಾಟನ್ನು ಇನ್ನೊಬ್ಬರು ಮುಟ್ಟುವುದು ಈ ಮನುಷ್ಯನಿಗೆ ಎಂದೂ ಸರಿಬಂದದ್ದಿಲ್ಲ. ಪೈಠಣಿ ಬಂತು. ಆಮೇಲೆ ಇನ್ನೊಂದು, ಮತ್ತೊಂದು. ಏಳಲಾಗದ ಶಿವಪುತ್ರಪ್ಪನವರಿಗೆ ಈಗ ಉಳಿದದ್ದು ಮಾತೊಂದೇ. ಒಂದೊಂದು ಸೀರೆಯ ಅಂಚಿನ ದಡಿಯನ್ನೂ ಬೆರಳಲ್ಲಿ ಸವರುತ್ತ, ಅದರ ಮಗ್ಗ, ಅದರ ಬಣ್ಣ, ಅದನ್ನು ಉಟ್ಟವರ ಸಂಸಾರದ ಸುಖ ಎಲ್ಲವನ್ನೂ ವರ್ಣಿಸಿದರು. ಸಾತಾರಾದವರು ಇಪ್ಪತ್ತಾರು ಸೀರೆ ಕಟ್ಟಿಸಿಕೊಂಡು ಮೂರು ಗಂಟೆಗೆ ಎದ್ದರು. ಶಿವಪುತ್ರಪ್ಪ ಏಳಲಿಲ್ಲ. ಊಟಕ್ಕೂ ಏಳಲಿಲ್ಲ. ಮಾಲೀಕ ಮೋಹನದಾಸ್ ಶೇಠರು ಉಳಿದವರನ್ನು ಕರೆದು, "ನೋಡಿ ಕಲಿಯಿರಿ, ಬುತ್ತಿ ಸಹ ಬಿಚ್ಚಿಲ್ಲ," ಎಂದರು.

ನಾಲ್ಕೂವರೆಗೆ ನಿಸರ್ಗ ಕರೆಯಿತು. ಶೇಠರ ಶಹಬ್ಬಾಸಗಿರಿಯಿಂದ ನಿಸರ್ಗವನ್ನು ತಡೆಯಲಾಗುವುದಿಲ್ಲ. ಶಿವಪುತ್ರಪ್ಪ ಏಕನಾಥನ ಕಿವಿಯ ಹತ್ತಿರ ಬಾಗಿ, "ನನಗೆ ಏಳಲು ಆಗುತ್ತಿಲ್ಲ," ಎಂದರು. ಅದನ್ನು ಹೇಳಿದ ಮೇಲೆ ಅವರ ಮುಖ ಎಷ್ಟು ಸಣ್ಣದಾಯಿತೆಂದರೆ, ಇಪ್ಪತ್ತು ವರ್ಷದ ಹಂಗಿಸುವಿಕೆಗೆ ಉತ್ತರ ಕೊಡಲು ಸಿದ್ಧನಾಗಿದ್ದ ಏಕನಾಥನೂ ಅದನ್ನು ಬಿಟ್ಟು ಇನ್ನೊಬ್ಬನನ್ನು ಕರೆದ. ಇಬ್ಬರು ಸೇರಿ ಅವರನ್ನು ಕೂತ ಭಂಗಿಯಲ್ಲಿಯೇ ಎತ್ತಿ, ಮೊದಲು ಹಿತ್ತಿಲಿಗೆ, ಆಮೇಲೆ ರಿಕ್ಷಾಕ್ಕೆ ಒಯ್ದರು.

ಟಿಳಕ ರಸ್ತೆಯ ಸಣ್ಣ ದವಾಖಾನೆಯಲ್ಲಿ ಎಲುಬಿನ ಡಾಕ್ಟರು ಹೆಂಗಸು. ಹೆಸರು ನೀಲಿಮಾ, ಧಾರವಾಡದವರು, ನಲವತ್ತರ ಆಸುಪಾಸು. ಎಲುಬಿನ ಕೆಲಸಕ್ಕೆ ಪೈಲವಾನನಂಥ ಆಳು ಬೇಕೆಂದು ನಂಬಿದ್ದ ಶಿವಪುತ್ರಪ್ಪ ಆಕೆಯ ತೋಳುಗಳನ್ನು ಸಂಶಯದಿಂದ ನೋಡಿದರು. ಆಕೆ ಮೊಣಕಾಲಿನ ಒಳಬದಿಯ ಸಂದಿಯಲ್ಲಿ ಒಂದೇ ಬೆರಳು ಒತ್ತಿದರು. ಸಂಶಯ ಪರಿಹಾರವಾಯಿತು. ಅಷ್ಟರಲ್ಲಿ ಸುದ್ದಿ ತಿಳಿದು ಪ್ರೇಮಾವತಿಯೂ ಗಾಬರಿಯಿಂದ ಬಂದು ತಲುಪಿದರು.

ಎಕ್ಸ್-ರೇ ಬಂತು. ಡಾಕ್ಟರು ಬೆಳಕಿಗೆ ಹಿಡಿದು, "ಎಲುಬು ಚೊಲೋ ಅದಾವ," ಎಂದರು.

"ನಾ ಹೇಳಲಿಲ್ಲೇನು?" ಎಂದು ಶಿವಪುತ್ರಪ್ಪ ಹೆಂಡತಿಯತ್ತ ತಿರುಗಿದರು. "ಏನೂ ಆಗಿಲ್ಲ."

"ಎಲುಬಿಗೆ ಆಗಿಲ್ಲ ಅಂದೆ. ಈ ಫೋಟೋದಾಗ ಎಲುಬಷ್ಟ ಕಾಣ್ತಾವ್ರಿ. ನಡುವಿನ ಗಾದಿ ಕಾಣಂಗಿಲ್ಲ." ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. "ತೊಡಿ ಎಲುಬಿನ ತುದಿ ಗುಂಡಗ. ಕೆಳಗಿನ ಎಲುಬು ಸಪಾಟು. ಗುಂಡಂದು ಸಪಾಟಿನ ಮ್ಯಾಲೆ ಜಾರಬಾರದು, ತಿಕ್ಕಬಾರದು ಅಂತ ಎರಡೂ ಬಾಜೂ ಒಂದೊಂದು ಗಾದಿ ಅದ. ಅರ್ಧಚಂದ್ರ ಇದ್ದಂಗ. ನಾವು ಮೆನಿಸ್ಕಸ್ ಅಂತೀವಿ. ಮೈಭಾರ ಎಲ್ಲಾ ಅದರ ಮ್ಯಾಲೆ. ಕಾಲು ಮಡಚಿ, ಭಾರ ಹಾಕಿ, ಪಾದ ಹಂಗ ಇಟ್ಟು ಮೈ ತಿರುವಿದ್ರ ಅದು ಎರಡು ಎಲುಬಿನ ನಡುವ ಸಿಕ್ಕು ಹರೀತದ. ನಿಮಗ ಹೆಂಗಾತು?"

"ಬಸ್ಸಿನ್ಯಾಗ ಒಬ್ಬ ಧಡಿಯಾ..."

"ನಿಮ್ಮ ಗಾದಿ ಉದ್ದಕ್ಕ ಹರದು, ಹರದ ಪಟ್ಟಿ ಎದ್ದು ಕೀಲಿನೊಳಗ ಸಿಕ್ಕಂಡದ ಅಂತ ನನಗ ಅನಸ್ತದ. ಅದಕ್ಕ ಕಾಲು ನೆಟ್ಟಗ ಆಗವಲ್ಲದು. ಇಂಥಾ ಹರಕಿಗೆ ಬಕೀಟಿನ ಹಿಡಿಕಿ ಅಂತ ಹೆಸರು."

ಶಿವಪುತ್ರಪ್ಪ ಬೆಚ್ಚಿಬಿದ್ದರು. "ಬಕೀಟಿಂದ ಆದದ್ದು ನಿಮಗ ಯಾರು ಹೇಳಿದ್ರು?"

ಡಾಕ್ಟರಿಗೆ ತಿಳಿಯಲಿಲ್ಲ. ಪ್ರೇಮಾವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಹುಗ್ಗಿ, ಬೀಗರು, ಬಕೀಟು ಎಲ್ಲವನ್ನೂ ಕ್ರಮವಾಗಿ ಹೇಳಿದರು. ಉಪ್ಪಿನ ಶಾಖ, ಸಾಸವಡದ ಜಗ್ಗಾಟ ಕೂಡ ಬಿಡಲಿಲ್ಲ. ಡಾಕ್ಟರು ನಗಲಿಲ್ಲವೆಂದಲ್ಲ, ಆದರೆ ಚೀಟಿ ಬರೆಯುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕರು. ಪೆಟ್ಟಾದ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು, ಶಾಖ ಅಲ್ಲ, ಕಾಲು ಎತ್ತರಕ್ಕಿಟ್ಟು ಮಲಗಬೇಕು ಎಂದು ತಿಳಿಸಿದರು. ಜಗ್ಗಿದವನ ವಿಷಯಕ್ಕೆ, "ಸಿಕ್ಕ ಪಟ್ಟಿ ಆವತ್ತು ಜಾರಿ ಜಾಗಾಕ್ಕ ಹೋತು, ಕಾಲು ಬಿಚ್ಚಿತು. ಹರದದ್ದು ಹಂಗ ಉಳೀತು. ಅಂವ ಇನ್ನೊಮ್ಮೆ ಜಗ್ಗಿದ್ರ ಪೂರಾ ಹರೀತಿತ್ತು," ಎಂದರು.

"ಗುಳಿಗಿಲೆ ಕೂಡಂಗಿಲ್ಲೇನ್ರಿ?" ಎಂದು ಕೇಳಿದರು ಶಿವಪುತ್ರಪ್ಪ.

"ಗುಳಿಗಿ ನೋವಿಗೆ. ಸಣ್ಣ ಹರಕು ಇದ್ರ ವಿಶ್ರಾಂತಿ, ವ್ಯಾಯಾಮದಾಗ ಎಷ್ಟೋ ಮಂದಿಗೆ ಆರಾಮ ಆಗ್ತದ, ಕತ್ತರಿ ಬೇಕಾಗಂಗಿಲ್ಲ. ನಿಮ್ಮದು ಕೀಲಿ ಹಾಕ್ಕೊಂಡು ಕುಂತದ. ಭಾಳ ದಿನ ಹಂಗ ಬಿಡೂದು ಚೊಲೋ ಅಲ್ಲ. ಎರಡು ಸಣ್ಣ ತೂತು ಮಾಡಿ, ದುರ್ಬೀನು ಹಾಕಿ ನೋಡ್ತೀನಿ. ದಡಿ ಕಡೆ ರಕ್ತ ಹರೀತದ, ಅಲ್ಲೆ ಹರದಿದ್ರ ಹೊಲೀಬಹುದು, ಕೂಡ್ತದ. ಒಳಗಿನ ತೆಳು ಭಾಗಕ್ಕ ರಕ್ತ ಇಲ್ಲ. ಅಲ್ಲೆ ಹೊಲದ್ರ ಕೂಡಂಗಿಲ್ಲ, ಹರದಷ್ಟ ಕತ್ತರಿಸಿ ತಗೀಬೇಕು."

ದಡಿ ಎಂಬ ಮಾತು ಕೇಳಿದ್ದೇ ಶಿವಪುತ್ರಪ್ಪ ವ್ಯಾಪಾರಸ್ಥರಾದರು. "ಹೊಲೀರಿ. ಕತ್ತರಿ ಹಚ್ಚಬ್ಯಾಡ್ರಿ. ಚೊಲೋ ಮಾಲಿಗೆ ಕತ್ತರಿ ಹಚ್ಚೂದು ಪಾಪ."

"ಒಳಗ ನೋಡದ ನಾ ಹೇಳಂಗಿಲ್ಲ, ಶಿವಪುತ್ರಪ್ಪನವರ. ಇದು ಗಿರಾಕಿ ಆರಿಸೂ ಮಾಲಲ್ಲ."

ಮೂರನೆಯ ದಿನ ಶಸ್ತ್ರಕ್ರಿಯೆ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರವಿದ್ದ ಶಿವಪುತ್ರಪ್ಪನವರಿಗೆ ಪಕ್ಕದ ಟೀವಿಯಲ್ಲಿ ತಮ್ಮ ಮೊಣಕಾಲಿನ ಒಳಗು ಕಾಣುತ್ತಿತ್ತು. ನೀರಿನಲ್ಲಿ ಮುಳುಗಿದ ಬಿಳಿ ಕೋಣೆಯಂತಿತ್ತು. ಎಲುಬಿನ ತುದಿ ಇಸ್ತ್ರಿ ಮಾಡಿದ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ತಮ್ಮೊಳಗೆ ಇಷ್ಟು ಚೆಂದದ್ದೊಂದು ಇದೆ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ, ಮೊಣಕಾಲಿನ ಬಗ್ಗೆ ಅಷ್ಟೆಲ್ಲ ಮಾತಾಡಿದ್ದರೂ. ನಡುವೆ ಒಂದು ಪಟ್ಟಿ ಮಗುಚಿಬಿದ್ದಿತ್ತು. ಅದರ ಅಂಚು ಜುಂಗು ಜುಂಗಾಗಿತ್ತು.

"ನೋಡ್ರಿ," ಎಂದರು ಡಾಕ್ಟರು. "ಒಳಭಾಗದಾಗ ಹರದದ. ಹೊಲಿಯಾಕ ಬರಂಗಿಲ್ಲ."

ಶಿವಪುತ್ರಪ್ಪ ತುಸು ಹೊತ್ತು ನೋಡಿದರು. "ಹೌದ್ರಿ. ಜೀರ್ಣ ಆಗೇದ. ತಗೀರಿ." ಡಾಕ್ಟರು ಚಿಕ್ಕ ಇಕ್ಕಳದಿಂದ ಚೂರು ಚೂರೇ ಕಚ್ಚಿ ತೆಗೆಯುತ್ತಿದ್ದರೆ ಇವರಿಗೆ ಸುಮ್ಮನಿರಲಾಗಲಿಲ್ಲ. "ಎಡಕ್ಕ ಒಂದು ಎಳಿ ಎದ್ದದ್ರಿ, ಡಾಕ್ಟರ್ ಬಾಯಾರ. ಅದನ್ನ ಬಿಟ್ರ ಮತ್ತ ಅಲ್ಲಿಂದ ಹರೀತದ."

ನರ್ಸ್ ಮುಖವಸ್ತ್ರದೊಳಗೆ ಕೆಮ್ಮಿದಳು. ಡಾಕ್ಟರು ನೋಡಿದರು. ಎಳೆ ನಿಜವಾಗಿಯೂ ಎದ್ದಿತ್ತು. ಅದನ್ನೂ ತೆಗೆದರು. ಹಿಂದಿನ ಕಾಲದಲ್ಲಿ ಇಡೀ ಗಾದಿಯನ್ನೇ ತೆಗೆದುಬಿಡುತ್ತಿದ್ದರು, ಅಂಥವರಿಗೆ ಹತ್ತಿಪ್ಪತ್ತು ವರ್ಷಕ್ಕೆ ಎಲುಬು ಎಲುಬು ತಿಕ್ಕಿ ಸವೆಯುತ್ತಿತ್ತು, ಅದಕ್ಕೇ ಈಗ ಆದಷ್ಟು ಉಳಿಸುವುದು ಎಂದು ಕೆಲಸ ಮಾಡುತ್ತಲೇ ಹೇಳಿದರು.

ಎರಡು ಹೊಲಿಗೆಯ ಗಾಯ. ಮರುದಿನ ಕೋಲು ಹಿಡಿದು ನಾಲ್ಕು ಹೆಜ್ಜೆ. ಇಷ್ಟೇ ಏನು ಎಂದುಕೊಂಡಿದ್ದ ಶಿವಪುತ್ರಪ್ಪನವರಿಗೆ ಮನೆಗೆ ಕಳಿಸುವಾಗ ಡಾಕ್ಟರು ನಿಜವಾದ ಶಿಕ್ಷೆ ಓದಿ ಹೇಳಿದರು. ಮೂರು ತಿಂಗಳು ನೆಲಕ್ಕೆ ಕೂರುವಂತಿಲ್ಲ. ಆಮೇಲೂ ಪೂರ್ತಿ ಮಂಡಿ ಮಡಿಸಿ ಕೂರುವುದು ಕಡಿಮೆ. ದಿನಕ್ಕೆ ಮೂರು ಸಲ ವ್ಯಾಯಾಮ.

ವ್ಯಾಯಾಮ ನೋಡಿದರೆ ಕೂಸಿನ ಆಟದಂತಿತ್ತು. ಮೊಣಕಾಲ ಕೆಳಗೆ ಸುತ್ತಿದ ಟವೆಲ್ಲು ಇಟ್ಟು, ತೊಡೆ ಬಿಗಿಹಿಡಿದು ಕೆಳಗೊತ್ತಿ ಹತ್ತು ಎಣಿಸುವುದು. ಕಾಲು ನೆಟ್ಟಗಿಟ್ಟು ಒಂದು ಗೇಣು ಎತ್ತಿ ಹಿಡಿಯುವುದು. "ಇದಕ್ಕ ವ್ಯಾಯಾಮ ಅಂತಾರೇನು? ನಾ ಗರಡಿಯಾಗ ಐದುನೂರು ಬೈಠಕ್ ಹೊಡದಾಂವ," ಎಂದು ಮಂಚದ ಮೇಲೆ ಮಲಗಿ ಕಾಲೆತ್ತಿದರು. ಕಾಲು ಏಳಲಿಲ್ಲ. ಮತ್ತೊಮ್ಮೆ ಹೇಳಿದರು ಅದಕ್ಕೆ. ಕಾಲು ಥರಥರ ನಡುಗಿ ನಾಲ್ಕು ಬೆರಳು ಎದ್ದು ಬಿತ್ತು.

ಅವರು ಹೊಲಿಗೆ ಯಂತ್ರದ ಡಬ್ಬಿಯಿಂದ ಟೇಪು ತರಿಸಿದರು. ಚಿಪ್ಪಿನಿಂದ ಒಂದು ಗೇಣು ಮೇಲೆ, ಎಡ ತೊಡೆ ಹತ್ತೊಂಬತ್ತು ಇಂಚು. ಬಲ ತೊಡೆ ಹದಿನೇಳೂಕಾಲು. ಮತ್ತೆ ಅಳೆದರು. ಸೀರೆ ಅಳೆಯುವ ಕೈ ತಪ್ಪುವುದಿಲ್ಲ. ತಿಂಗಳ ಹತ್ತಿರ ಸರಿಯಾಗಿ ಕೆಲಸ ಮಾಡದ ಸ್ನಾಯು ಅಷ್ಟು ಕರಗಿತ್ತು. ಟೇಪನ್ನು ಸುರುಳಿ ಸುತ್ತುತ್ತ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸಂಜೆಯ ಚಹಾ ಆರಿತು.

ಪ್ರೇಮಾವತಿ ಆರಿದ ಚಹಾ ಎತ್ತಿಟ್ಟರು. ಆಮೇಲೆ ಇನ್ನೊಂದು ಟವೆಲ್ಲು ಸುತ್ತಿಕೊಂಡು ಬಂದು, ಮಂಚದ ಇನ್ನೊಂದು ಬದಿಗೆ ಕಾಲು ಚಾಚಿ ಕೂತರು. "ನೀವು ಹತ್ತು ಎಣಸ್ರಿ. ನಾನೂ ಮಾಡ್ತೀನಿ."

"ನಿನಗ ಯಾಕ?"

"ನನಗೂ ನೋಯ್ತಾವಲ್ರಿ. ಆರು ವರ್ಷ ಆತು."

"ಆರು ವರ್ಷ? ನನ್ನ ಮುಂದ ಎಂದ ಹೇಳಿದ್ದೆ?"

"ದಿನಾ ಹೇಳ್ತಿದ್ದೆ. ನೀವು, ಶಿವ ಇಲ್ಲೇ ಅದಾನ ಅಂತಿದ್ರಿ."

ಶಿವಪುತ್ರಪ್ಪ "ಒಂದು, ಎರಡು" ಎಂದು ಎಣಿಸತೊಡಗಿದರು. ಹತ್ತಕ್ಕೆ ನಿಲ್ಲಿಸುವುದನ್ನು ಮರೆತು ಹದಿನಾಲ್ಕರವರೆಗೆ ಹೋದರು. ಮುಂದಿನ ಸಲ ದವಾಖಾನೆಗೆ ಹೋದಾಗ ತಮ್ಮ ಹೊಲಿಗೆ ಬಿಚ್ಚಿಸಿಕೊಳ್ಳುವ ಮೊದಲು, "ಆಕೀದು ನೋಡ್ರಿ ಮೊದಲು," ಎಂದರು. ಪ್ರೇಮಾವತಿಯದು ಹರಕಲ್ಲ, ಸವೆತ. ಮೂರು ಮಹಡಿ ನೀರು ಹೊತ್ತದ್ದು, ನೆಲಕ್ಕೆ ಕೂತು ರೊಟ್ಟಿ ಬಡಿದದ್ದು ಸೇರಿ ಗಾದಿ ತೆಳುವಾಗಿತ್ತು. ಡಾಕ್ಟರು ಅದೇ ವ್ಯಾಯಾಮ ಹೇಳಿದರು, ರೊಟ್ಟಿಗೆ ಎತ್ತರದ ಕಟ್ಟೆ ಹೇಳಿದರು. ಆ ವಾರವೇ ಅಡಿಗೆಮನೆಯಲ್ಲಿ ಕಡಪಾ ಕಲ್ಲಿನ ಕಟ್ಟೆ ಎದ್ದಿತು. ಗಾರೆಯವನ ಬೆನ್ನ ಹಿಂದೆಯೇ ಶಿವಪುತ್ರಪ್ಪ ಕೋಲು ಹಿಡಿದು ನಿಂತಿದ್ದರು. ಕಟ್ಟೆ ಅರ್ಧ ಇಂಚು ವಾರೆಯಾಗಿದೆ ಎಂದು ಒಮ್ಮೆ ಕೆಡವಿಸಿದರು ಕೂಡ.

ಅಂಗಡಿಯಲ್ಲಿ ಮಾತ್ರ ಕಷ್ಟವಿತ್ತು. ಒಂದೂವರೆ ತಿಂಗಳ ಮೇಲೆ ಹೋದಾಗ ಶೇಠರು ಗಾದಿಯ ಪಕ್ಕ ಮೇಜೊಂದು, ಹಿಂದೆ ಸ್ಟೂಲೊಂದು ಇರಿಸಿದ್ದರು. ಶಿವಪುತ್ರಪ್ಪ ಅದನ್ನು ಅತ್ತೆಮನೆಯನ್ನು ಹೊಸ ಸೊಸೆ ನೋಡಿದಂತೆ ನೋಡಿದರು. ಮೇಜಿನ ಮೇಲೆ ಸೀರೆ ಹರಡಿದರೆ ಸೆರಗು ಗಿರಾಕಿಯ ಮಡಿಲಿಗೆ ಬೀಳುವುದಿಲ್ಲ, ಮುಖಕ್ಕೆ ಬಡಿಯುತ್ತದೆ. ಮೊದಲ ದಿನ ಹಾಗೆ ಒಬ್ಬ ಹೆಂಗಸಿನ ಚಷ್ಮಾ ಬಿದ್ದಿತು. ಆದರೆ ಮೇಜಿನ ಈಚೆಗೆ ಗಿರಾಕಿಗೂ ಕುರ್ಚಿ ಬೇಕಲ್ಲ, ನಾಲ್ಕು ಬಂದವು. ಶ್ರಾವಣದ ಹೊತ್ತಿಗೆ ಶಿವಪುತ್ರಪ್ಪನವರಿಗೆ ಒಂದು ಸಂಗತಿ ಕಂಡಿತು. ವರ್ಷಗಟ್ಟಲೆ ಅಂಗಡಿ ಹತ್ತದ ಹಳೆಯ ಗಿರಾಕಿಗಳು, ಅರವತ್ತು ದಾಟಿದ ಅಜ್ಜಿಯರು, ಒಬ್ಬೊಬ್ಬರಾಗಿ ಬರತೊಡಗಿದ್ದರು. ಸದಾಶಿವ ಪೇಠದ ರಂಗೂಬಾಯಿ ಎಂಬವರು ಕುರ್ಚಿಯಲ್ಲಿ ಕೂತು, "ನಿಮ್ಮ ಗಾದಿಯ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು, ನಾಚಿಕೆಯಾಗಿ ಬಿಟ್ಟೆ," ಎಂದರು. ಶಿವಪುತ್ರಪ್ಪ ಅವರಿಗೆ ಎಂಟು ಸೀರೆ ತೋರಿಸಿದರು, ಎಲ್ಲವನ್ನೂ ನಿಂತೇ ತೋರಿಸಿದರು.

ದೀಪಾವಳಿಗೆ ಬಲ ತೊಡೆ ಹದಿನೆಂಟು ಮುಕ್ಕಾಲು ಇಂಚಾಯಿತು. ಕಾಲಿಂಚು ಎಂದೂ ತುಂಬಲಿಲ್ಲ. ಚಳಿಗಾಲದಲ್ಲಿ ಮೊಣಕಾಲು ತುಸು ಬಿಗಿಯುತ್ತದೆ, ಘಾಟ ಇಳಿಯುವಾಗ ಕೋಲು ಬೇಕು. ಉಳಿದಂತೆ ಕಾಲು ಮತ್ತೆ ಸಿಕ್ಕಿಕೊಳ್ಳಲಿಲ್ಲ. ತಿರುಗುವಾಗ ಮೊದಲು ಪಾದ, ಆಮೇಲೆ ಮೈ ಎಂದು ಡಾಕ್ಟರು ಹೇಳಿದ್ದನ್ನು ಅವರು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ರಸ್ತೆಯಲ್ಲಿ ಯಾರಾದರೂ ಹಿಂದಿನಿಂದ ಕರೆದರೆ ಪೋಲೀಸ್ ಕವಾಯತಿನಂತೆ ಎರಡು ಹೆಜ್ಜೆಯಲ್ಲಿ ತಿರುಗುವರು. ರೇಣುವಿನ ಗೆಳತಿಯರು ಅದಕ್ಕೆಂದೇ ಕರೆಯುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಸೀರೆ ಅಂಗಡಿ ಹವಾನಿಯಂತ್ರಿತವಾಯಿತು, ಏಕನಾಥ ನಿವೃತ್ತನಾದ. ಶಿವಪುತ್ರಪ್ಪನವರ ಹೊಸ ಕಸುಬು ಅಷ್ಟರಲ್ಲಿ ಗಟ್ಟಿಯಾಗಿತ್ತು. ಪುಣೆಯ ಕನ್ನಡ ಮಂದಿಯಲ್ಲಿ ಯಾರ ಮೊಣಕಾಲು ನೊಂದರೂ ರವಿವಾರ ಇವರ ಮನೆಗೆ ಬರುತ್ತಿದ್ದರು. ಇವರು ಇಳಕಲ್ ಸೀರೆಯೊಂದನ್ನು ಬಿಚ್ಚಿ ದಡಿ ಯಾವುದು, ಒಡಲು ಯಾವುದು, ರಕ್ತ ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸಿ, ಜಗ್ಗಿಸಿಕೊಳ್ಳಬೇಡಿರೆಂದು ಗದರಿಸಿ, ಡಾಕ್ಟರ್ ನೀಲಿಮಾರ ವಿಳಾಸ ಬರೆದುಕೊಡುವರು. ಒಂದು ರವಿವಾರ ಕೆಳಗಿನ ಮನೆಯ ಯಂಕವ್ವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಶಿವಪುತ್ರಪ್ಪ ಸೀರೆಗೆ ಕೈ ಹಾಕಿದರು.

"ಮಡಚಿ ತಿರುವಿದ್ರೇನು, ಯಂಕವ್ವಾರ? ಒಳಗ ಟಕ್ ಅಂತೇನು?"

"ನನಗೇನೂ ಆಗಿಲ್ಲೋ ತಮ್ಮಾ," ಎಂದರು ಯಂಕವ್ವ. "ಒಂದು ವಾಟಗಾ ಸಕ್ಕರಿ ಬೇಕಾಗಿತ್ತು."

ಪ್ರೇಮಾವತಿ ಕಟ್ಟೆಯ ಹತ್ತಿರದಿಂದ ಬಟ್ಟಲು ತುಂಬ ಸಕ್ಕರೆ ತಂದುಕೊಟ್ಟರು. "ಒಯ್ರಿ ಯಂಕವ್ವ, ಲಗೂನ ಹೋಗ್ರಿ. ಇಲ್ಲಾಂದ್ರ ಸೀರಿ ಬಿಚ್ಚತಾರ."